ನಮ್ಮ ಮೊಮ್ಮಗನಿಗೆ ಹೆಸರಿಟ್ಟ ಸಂಗತಿ

ನಮ್ಮ ಪ್ರಿಯ ಶಾಲೆಯ ನೆನಪಿನ ಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯರು ಏನಾದರೊಂದನ್ನು ಬರೆದು ಕಳುಹಿಸಬೇಕೆಂಬ ಪತ್ರವು ಕೈಸೇರಿದ ವಾರ ನಮ್ಮ ಮನೆಯಲ್ಲಿ ತೊಟ್ಟಿಲು ಕಟ್ಟುವ ಗಡಿಬಿಡಿಯಿತ್ತು. ಬರೆಯುವದಕ್ಕೆ ನಾವು ಪಂಡಿತರಲ್ಲ. ನಮ್ಮ ಲೇಖನಿಯು ದಿನಸಿಯ ಲೆಕ್ಕವನ್ನು ದಾಟಿ ಹೋದದ್ದು ಅಪರೂಪ. ಆದಾಗ್ಯೂ ಆ ವಾರ ನಮ್ಮ ಮಗಳಿಂದ ನಾವು ಕಲಿತ ಒಂದು ಪಾಠವನ್ನು ಸೋದರಿಯರ ಮುಂದಿಡಬೇಕೆಂದು ಮನಸ್ಸಾಯಿತು. ಅದು ಒಂದು ಗಂಡು ಕೂಸಿಗೆ ಸತ್ಯವೇದದಿಂದ ಹೆಸರನ್ನು ಆರಿಸಿದ ಸಂಗತಿ.

ನಮ್ಮ ಮಗಳ ಚೊಚ್ಚಲ ಮಗುವು ಎರಡು ವರ್ಷಗಳ ಹಿಂದೆ ದಿನ ತುಂಬುವ ಮೊದಲೇ ಹುಟ್ಟಿ, ಹನ್ನೊಂದು ದಿನ ಈ ಲೋಕದಲ್ಲಿದ್ದು, ಕರ್ತನ ಬಳಿಗೆ ಹೋಯಿತು. ಮೂರನೆಯ ದಿನವೇ ಬೋಧಕರನ್ನು ಆಸ್ಪತ್ರೆಗೆ ಕರೆಸಿ, ದೀಕ್ಷಾಸ್ನಾನ ಮಾಡಿಸಿ, ಸಮುವೇಲನೆಂದು ಹೆಸರಿಟ್ಟಿದ್ದೆವು. ಅದು ನಮ್ಮ ಅಳಿಯನ ಸ್ವರ್ಗಸ್ಥ ತಂದೆಯವರ ಹೆಸರು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವದು ನಮ್ಮ ನಾಡಿನ ಹಳೆಯ ರೂಢಿ. ಕ್ರೈಸ್ತರಾದ ಮೇಲೂ ನಮ್ಮ ಹಿರಿಯರು ಹಳೆಯ ಹೆಸರುಗಳನ್ನು ಪೂರಾ ತೊರೆಯಲಿಲ್ಲ. ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದ ರೆವರೆಂಡ್ ಉತ್ತಂಗಿಯವರು ಸಭೆಯ ಬೋಧಕರಾಗಿದ್ದರೂ ನಾಡಿಗೆಲ್ಲ ಚನ್ನಪ್ಪನವರೇ ಆಗಿದ್ದರಷ್ಟೆ.

ಈಗ ಎರಡನೆಯ ಮಗು, ಗಂಡು, ದೇವರ ಕೃಪೆಯಿಂದ ಸುಖವಾಗಿ ಜನಿಸಿತು. ಬೀಗಿತ್ತಿಯವರು ಕೂಸನ್ನು ಮಡಿಲಲ್ಲಿ ತೆಗೆದುಕೊಂಡವರೇ, “ನಮ್ಮ ಸಮುವೇಲ ತಿರುಗಿ ಬಂದ” ಎಂದು ಕಣ್ಣೊರಸಿಕೊಂಡರು. ಯಜಮಾನರ ಹೆಸರು ಮನೆಯಲ್ಲಿ ಉಳಿಯಬೇಕೆಂಬುದು ಆ ಹಿರಿಯ ಜೀವದ ಹಂಬಲ. ಅದರಲ್ಲಿ ತಪ್ಪೇನೂ ನಮಗೆ ಕಾಣಲಿಲ್ಲ. ಹನ್ನಳು ಬೇಡಿ ಪಡೆದ ಮಗನ ಹೆಸರು ಅದು. ನಮ್ಮ ಮಗಳೂ ಬೇಡಿಯೇ ಪಡೆದಳು. ಹೀಗೆಂದು ಅವಳಿಗೆ ನಾವು ಎರಡು ಮೂರು ಸಾರಿ ಹೇಳಿದೆವು. ಅವಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

ಇತ್ತ ಅಳಿಯನ ತಮ್ಮನು ಬೆಂಗಳೂರಿನಿಂದ ಮೊಬೈಲಿನಲ್ಲಿ ಹೆಸರುಗಳ ಉದ್ದವಾದ ಪಟ್ಟಿಯನ್ನೇ ಕಳುಹಿಸಿದನು: ಈಥನ್, ಕೇಲೆಬ್, ಜೋಶುವಾ. ನಮ್ಮ ಕನ್ನಡ ಸತ್ಯವೇದದಲ್ಲಿ ಇವರೇ ಏತಾನ, ಕಾಲೇಬ, ಯೆಹೋಶುವ ಎಂದು ತಿಳಿಸಿದಾಗ ಆ ಹುಡುಗನು ಬೆರಗಾದನು. ಬಾಣಂತಿಯನ್ನು ನೋಡಲು ಬಂದ ನೆರೆಯವರೂ ಒಬ್ಬೊಬ್ಬರು ಒಂದೊಂದು ಹೆಸರನ್ನು ಸೂಚಿಸಿ ಹೋದರು. ರೂತಳ ಮಗನಿಗೆ ಓಬೇದನೆಂದು ಹೆಸರಿಟ್ಟವರು ನೆರೆಹೊರೆಯ ಸ್ತ್ರೀಯರೇ ಆದುದರಿಂದ ಅವರ ಉತ್ಸಾಹಕ್ಕೂ ಶಾಸ್ತ್ರದ ಆಧಾರವುಂಟೆಂದು ನಾವು ನಕ್ಕೆವು. ಮಗಳು ನಗಲಿಲ್ಲ.

ಆ ಸಂಜೆ ಕೂಸಿಗೆ ಎಣ್ಣೆಯೊತ್ತುತ್ತ ನಾವು ತಿಳಿಯದೆ, “ಸಮೂ, ಕಾಲು ಚಾಚು” ಎಂದುಬಿಟ್ಟೆವು. ಮಗಳು ಗೋಡೆಯ ಕಡೆಗೆ ಮುಖ ತಿರುಗಿಸಿ ಮೆಲ್ಲಗೆ ಹೇಳಿದಳು: “ಅಮ್ಮಾ, ಆ ಹೆಸರು ಅವನದು. ಅವನಿಗೆ ಇದ್ದದ್ದು ಅದೊಂದೇ.”

ನಮ್ಮ ಕೈ ಅಲ್ಲಿಯೇ ನಿಂತಿತು. ನಿಜವೇ ಅಲ್ಲವೆ? ನಾವು ಹೊಲಿದಿಟ್ಟ ಅಂಗಿಗಳನ್ನು ಆ ಕಂದನು ತೊಡಲಿಲ್ಲ, ತೊಟ್ಟಿಲಲ್ಲಿ ಮಲಗಲಿಲ್ಲ, ಮನೆಯ ಹೊಸ್ತಿಲನ್ನು ಕಾಣಲಿಲ್ಲ. ನಾವು ಕೊಟ್ಟ ವಸ್ತುಗಳಲ್ಲಿ ಅವನು ತನ್ನದನ್ನಾಗಿ ಮಾಡಿಕೊಂಡದ್ದು ಹೆಸರೊಂದನ್ನೇ. ಅದನ್ನೂ ಕಿತ್ತು ತಮ್ಮನಿಗೆ ತೊಡಿಸಲು ಹೊರಟಿದ್ದೆವು. ಎರಡು ವರ್ಷ ನಾವು ಅವನ ಹೆಸರೆತ್ತಿ ಮಾತನಾಡಿದ್ದಿಲ್ಲ. ಮಗಳಿಗೆ ನೋವಾದೀತೆಂಬುದು ನಮ್ಮ ಎಣಿಕೆ. ಆಡದೆ ಇದ್ದುದೇ ಅವಳಿಗೆ ನೋವೆಂದು ಆಗ ತಿಳಿಯಿತು.

ಆ ರಾತ್ರಿ ನಿದ್ರೆ ಬಾರದೆ ಸತ್ಯವೇದವನ್ನು ತೆರೆದು ಕುಳಿತೆವು. ಮಕ್ಕಳನ್ನು ಕಳಕೊಂಡವರು, ದುಃಖಪಟ್ಟವರು ಮುಂದಿನ ಮಕ್ಕಳಿಗೆ ಏನೆಂದು ಹೆಸರಿಟ್ಟರು? ಹವ್ವಳು ಹೇಬೆಲನನ್ನು ಕಳಕೊಂಡ ಮೇಲೆ ಹುಟ್ಟಿದವನನ್ನು ಇನ್ನೊಬ್ಬ ಹೇಬೆಲನೆಂದು ಕರೆಯಲಿಲ್ಲ. ಅವನ ಸ್ಥಾನಕ್ಕೆ ದೇವರು ನೇಮಿಸಿ ಕೊಟ್ಟವನೆಂದು ಸೇತನೆಂದಳು. ದಾವೀದ ಬತ್ಷೆಬೆಯರ ಮೊದಲ ಕೂಸು ಏಳನೆಯ ದಿನ ತೀರಿಕೊಂಡಿತು. ಅದರ ಹೆಸರನ್ನೇ ಗ್ರಂಥದಲ್ಲಿ ಬರೆದಿಲ್ಲ. ಆ ಬಳಿಕ ಹುಟ್ಟಿದವನು ಸೊಲೊಮೋನ. ಸಮಾಧಾನವೆಂಬ ಮಾತಿನ ಧ್ವನಿ ಆ ಹೆಸರಿನಲ್ಲಿದೆ. ನಾತಾನ ಪ್ರವಾದಿಯು ಅವನಿಗೆ ಯೆದೀದ್ಯನೆಂಬ ಇನ್ನೊಂದು ಹೆಸರನ್ನೂ ಕೊಟ್ಟನು. ನಮ್ಮ ಸಭೆಗಳಲ್ಲಿ ದೇವಪ್ರಿಯನೆಂದು ಕರೆಯುವದು ಅದೇ ಅರ್ಥದಲ್ಲಿಯೇ. ಯೋಸೇಫನು ಐಗುಪ್ತದಲ್ಲಿ ತನ್ನ ಕಷ್ಟವನ್ನೆಲ್ಲ ಮರೆಯುವಂತೆ ದೇವರು ಮಾಡಿದನೆಂದು ಹಿರಿಯ ಮಗನನ್ನು ಮನಸ್ಸೆಯೆಂದನು. ರಾಹೇಲಳು ಪ್ರಾಣ ಹೋಗುವಾಗ ಕೂಸನ್ನು ಬೆನೋನಿಯೆಂದು, ಅಂದರೆ ನನ್ನ ದುಃಖದ ಮಗನೆಂದು ಕರೆದಳು. ತಂದೆಯಾದ ಯಾಕೋಬನು ಅದನ್ನು ತಿದ್ದಿ ಬೆನ್ಯಾಮೀನನೆಂದನು. ತಾಯಿಯ ದುಃಖವು ದೊಡ್ಡದು. ಆದರೆ ಜೀವಮಾನವೆಲ್ಲ ಅದನ್ನು ಹೊತ್ತು ತಿರುಗುವಷ್ಟು ಕೂಸಿನ ಹೆಗಲು ದೊಡ್ಡದಲ್ಲವೆಂದು ಆ ಮುದುಕನು ಅರಿತನೇನೋ.

ಬೆಳಿಗ್ಗೆ ಮಗಳ ಹಾಸಿಗೆಯ ಬಳಿ ಕುಳಿತು ಇದನ್ನೆಲ್ಲ ಹೇಳಿದೆವು. ಅವಳು ಗಮನವಿಟ್ಟು ಕೇಳಿದಳು. “ಸೇತ ಬೇಡ. ಇವನು ಯಾರ ಬದಲಾಗಿಯೂ ಬಂದವನಲ್ಲ” ಎಂದಳು. ಮನಸ್ಸೆಯೆಂಬುದು ಕನ್ನಡದ ಕಿವಿಗೆ ಇಂಪಾಗಿದೆಯೆಂದರೆ, “ಮರೆವು ಬೇಕೆಂದು ನಾನು ಬೇಡಲಿಲ್ಲ” ಎಂದಳು. ಬೆನ್ಯಾಮೀನನ ವಿಷಯದಲ್ಲಿ, ಆ ಹೆಸರನ್ನು ಕರೆದಾಗಲೆಲ್ಲ ಬೆನೋನಿ ನೆನಪಾಗುವನೆಂದಳು. ಹೀಗೆ ಎಲ್ಲವನ್ನೂ ತಳ್ಳಿ, ಕಡೆಗೆ ತಲೆದಿಂಬಿನ ಕೆಳಗಿನಿಂದ ಒಂದು ಚೀಟಿಯನ್ನು ತೆಗೆದು ಕೊಟ್ಟಳು. ಅದರಲ್ಲಿ ನೆಹೆಮೀಯ ಎಂದು ಬರೆದಿತ್ತು.

ಸೋದರಿಯರೇ, ನಮಗೆ ಆ ಕ್ಷಣ ನೆನಪಾದದ್ದು ನಮ್ಮ ಶಾಲೆಯ ಸತ್ಯವೇದ ಪಾಠ. ಸಾಲಾಗಿ ನಿಂತು, ಎಜ್ರ, ನೆಹೆಮೀಯ, ಎಸ್ತೇರ ಎಂದು ಒಂದೇ ಉಸುರಿನಲ್ಲಿ ಒಪ್ಪಿಸುತ್ತಿದ್ದೆವಲ್ಲವೆ? ನಮ್ಮ ಪಾಲಿಗೆ ನೆಹೆಮೀಯನು ಎಸ್ತೇರಳಿಗೆ ಮುಂಚಿನ ಮೆಟ್ಟಲಾಗಿದ್ದನೇ ಹೊರತು ಮನುಷ್ಯನಾಗಿರಲಿಲ್ಲ. ಯೆಹೋವನು ಸಂತೈಸಿದನೆಂಬುದು ಆ ಹೆಸರಿನ ಅರ್ಥ. ಅರ್ತಷಸ್ತ ರಾಜನ ಪಾನದಾಯಕನಾಗಿದ್ದ ಆತನು ಯೆರೂಸಲೇಮಿನ ಗೋಡೆ ಬಿದ್ದುಹೋಗಿದೆಯೆಂಬ ಸುದ್ದಿಯನ್ನು ಕೇಳಿದಾಗ ಮೊದಲು ಮಾಡಿದ್ದು ಕೂತು ಅತ್ತದ್ದು. ಕೆಲವು ದಿವಸ ಅತ್ತನು, ಉಪವಾಸವಿದ್ದನು, ಪ್ರಾರ್ಥಿಸಿದನು. ಆಮೇಲೆ ಎದ್ದು ಹೋಗಿ, ಕ್ರಿಸ್ತಪೂರ್ವ 445ರ ಸುಮಾರಿಗೆ, ಆ ಗೋಡೆಯನ್ನು 52 ದಿನಗಳಲ್ಲಿ ಕಟ್ಟಿ ಮುಗಿಸಿದನು. “ಅಳುವದನ್ನೂ ಬಿಡಲಿಲ್ಲ, ಕಟ್ಟುವದನ್ನೂ ಬಿಡಲಿಲ್ಲ, ಅಮ್ಮಾ” ಎಂದಳು ಮಗಳು. ಈ ವಿವರಣೆಗೆ ನಾವು ಕೂಡಿಸತಕ್ಕದ್ದೇನೂ ಉಳಿಯಲಿಲ್ಲ.

ಇನ್ನು ಬೀಗಿತ್ತಿಯವರನ್ನು ಒಪ್ಪಿಸುವ ಕೆಲಸ. ಎಲಿಸಬೇತಳು ತನ್ನ ಮಗನಿಗೆ ಯೋಹಾನನೆಂದೇ ಹೆಸರಿಡಬೇಕೆಂದಾಗ ಬಂಧುಗಳು ಅವಳ ಮಾತನ್ನು ನಂಬದೆ ಮೂಕನಾಗಿದ್ದ ತಂದೆಯನ್ನು ಸನ್ನೆಮಾಡಿ ಕೇಳಿದರಷ್ಟೆ. ನಮ್ಮ ಮನೆಯಲ್ಲಿಯೂ ಹಾಗೆಯೇ ಆಯಿತು. ಎಲ್ಲರೂ ಅಳಿಯನ ಕಡೆಗೆ ನೋಡಿದರು. ಅವನು ಜಕರೀಯನಂತೆ ಹಲಗೆಯನ್ನು ಬೇಡಲಿಲ್ಲ. “ಅವಳು ಹೇಳಿದ್ದೇ ಹೆಸರು” ಎಂದನು. ಬೀಗಿತ್ತಿಯವರು ಎರಡು ದಿನ ನಮ್ಮೊಡನೆ ಸರಿಯಾಗಿ ಮಾತನಾಡಲಿಲ್ಲ. ಇಂಥ ಹೆಸರನ್ನು ಯಾರು ಕೇಳಿದ್ದಾರೆಂಬುದು ಅವರ ಆಕ್ಷೇಪ. ಕಾಶಿಯ ಪಂಡಿತರಾದ ನೀಲಕಂಠ ಶಾಸ್ತ್ರಿ ಗೋರೆಯವರು 1848ರಲ್ಲಿ ದೀಕ್ಷಾಸ್ನಾನ ಹೊಂದಿ ಇದೇ ಹೆಸರನ್ನು ತಾಳಿದರೆಂದೂ, ನಮ್ಮ ಘಟ್ಟದ ಕಾಡಿನಲ್ಲಿ ಜನಿಸಿದ ಪಂಡಿತಾ ರಮಾಬಾಯಿಯವರಿಗೆ ಅವರ ಉಪದೇಶವು ದಾರಿ ತೋರಿತೆಂದೂ ತಿಳಿಸಿದೆವು. ಅವರು ಕೇಳಿದರು, ಕರಗಲಿಲ್ಲ.

ಅವರನ್ನು ಕರಗಿಸಿದ್ದು ಬೇರೆ. ಮೂರನೆಯ ದಿನ ಮಗಳು ಮನೆಯ ದೊಡ್ಡ ಸತ್ಯವೇದವನ್ನು ತರಿಸಿ, ಅದರ ಮೊದಲ ಹಾಳೆಯಲ್ಲಿ ಕುಟುಂಬದವರ ಹುಟ್ಟುಸಾವುಗಳನ್ನು ಬರೆಯುವ ಸ್ಥಳವನ್ನು ಅತ್ತೆಯವರಿಗೆ ತೋರಿಸಿದಳು. ಅಲ್ಲಿ ಚೊಚ್ಚಲ ಮಗುವಿನ ಹೆಸರಿರಲಿಲ್ಲ. ಬರೆಯಲು ನಮ್ಮಲ್ಲಿ ಯಾರಿಗೂ ಕೈ ಬಂದಿರಲಿಲ್ಲ. “ಅಜ್ಜನ ಹೆಸರನ್ನು ನೀವೇ ಬರೆಯಿರಿ” ಎಂದಳು. ಆ ವೃದ್ಧೆಯು ಕನ್ನಡಕವನ್ನು ಏರಿಸಿ, ನಡುಗುವ ಕೈಯಿಂದ ಸಮುವೇಲನೆಂದು ಬರೆದು, ಮುಂದೆ ಎರಡು ತಾರೀಖುಗಳನ್ನು ಹಾಕಿದರು. ಬಹಳ ಹೊತ್ತು ಅದನ್ನು ನೋಡುತ್ತಿದ್ದು, ಅದರ ಕೆಳಗೆ, ಯಾರೂ ಹೇಳದೆಯೇ, ನೆಹೆಮೀಯನೆಂದು ಬರೆದು ಒಂದು ತಾರೀಖನ್ನು ಹಾಕಿದರು.

ಈಗ ಬೀಗಿತ್ತಿಯವರ ಬಾಯಲ್ಲಿ ನೆಹೆಮೀಯನು ನೇಮಣ್ಣನಾಗಿದ್ದಾನೆ. ಅವರೇ ಅವನನ್ನು ಆಡಿಸುತ್ತ, “ನಿನ್ನ ಅಣ್ಣ ಸಮುವೇಲ” ಎಂದು ಕಥೆ ಹೇಳುತ್ತಾರೆ. ಮಗಳು ಕೇಳಿ ನಗುತ್ತಾಳೆ.

ಹೆಸರನ್ನು ಇಡುವ ಕಾಲವು ನಿಮ್ಮ ಮನೆಗಳಲ್ಲಿಯೂ ಬರುವದು, ಸೋದರಿಯರೇ. ಆಗ ಪಟ್ಟಿಗಳನ್ನು ನೋಡಿರಿ, ಹಿರಿಯರನ್ನೂ ಕೇಳಿರಿ. ಆದರೆ ಮೊದಲು ತಾಯಿಯ ಹತ್ತಿರ ಕುಳಿತು, ಅವಳು ಸುಮ್ಮನಿದ್ದರೆ ಯಾಕೆ ಸುಮ್ಮನಿದ್ದಾಳೆಂದು ಕೇಳಿರಿ. ನಾವು ಅದನ್ನು ತಡವಾಗಿ ಕೇಳಿದೆವು.