ಸೀಟು ಹಾಳಾಯಿತೇ?

‘ಕೆಜಿಎಫ್’ನ ಶ್ರೀನಿಧಿ ಶೆಟ್ಟಿ ಎಲೆಕ್ಟ್ರಿಕಲ್ ಎಂಜಿನಿಯರ್ ಅಂದ ಕೂಡಲೇ ಜನ ಹುಬ್ಬೇರಿಸುವುದು ಯಾಕೆ ಅಂತ ಇವತ್ತು ಯೋಚನೆ ಹತ್ತಿತು. ಕಿನ್ನಿಗೋಳಿ ಕಡೆಯ ಹುಡುಗಿ, ಬೆಂಗಳೂರಿನ ಜೈನ್ ವಿಶ್ವವಿದ್ಯಾಲಯದಲ್ಲಿ ಬಿ.ಇ. ಮುಗಿಸಿ, ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿಯುತ್ತಲೇ ಮಾಡೆಲಿಂಗ್ ಮಾಡಿ, 2016ರಲ್ಲಿ ಪೋಲೆಂಡ್‌ನಲ್ಲಿ ಮಿಸ್ ಸುಪ್ರಾನ್ಯಾಷನಲ್ ಗೆದ್ದವರು. ಅದಕ್ಕೂ 50 ವರ್ಷ ಮೊದಲು, 1966ರಲ್ಲಿ ಮಿಸ್ ವರ್ಲ್ಡ್ ಆದ ರೀಟಾ ಫಾರಿಯಾ ಮುಂಬೈಯಲ್ಲಿ ವೈದ್ಯಕೀಯ ಓದುತ್ತಿದ್ದವರು. ಕಿರೀಟದ ವರ್ಷ ಮುಗಿಸಿ ಡಾಕ್ಟರೇ ಆದರು. ಇದರಲ್ಲಿ ಹೊಸದೂ ಇಲ್ಲ, ಸೋಜಿಗವೂ ಇಲ್ಲ.

ಎಂಜಿನಿಯರಿಂಗ್ ಓದಿದ ಹುಡುಗಿ ಮಾಡೆಲಿಂಗ್‌ಗೆ ಹೋದರೆ ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆ ಬರುವ ಆಕ್ಷೇಪ ಗೊತ್ತಿದ್ದದ್ದೇ: ಕಲ್ಯಾಣ ಕರ್ನಾಟಕದವರಿಗೆ ಇರುವ 371(ಜೆ) ಮೀಸಲಿನಲ್ಲಿ ಸಿಕ್ಕ ಸೀಟು, ಅದನ್ನ ಹಾಳು ಮಾಡೋದಾ? ಮಾತಿಗೆ ತೂಕವಿದೆ, ಸೀಟು ಕಡಿಮೆ, ಕಾಯುವವರು ಬಹಳ. ಆದರೆ ಅದೇ ಬಿ.ಇ. ಮುಗಿಸಿದ ಹುಡುಗ ಪಿಡಿಒ ಪರೀಕ್ಷೆ ಪಾಸಾಗಿ ಪಂಚಾಯ್ತಿ ಕಚೇರಿಯಲ್ಲಿ ಕೂತರೆ ಪೇಢೆ ಹಂಚುತ್ತೇವೆ. ಕ್ರಿಕೆಟಿಗರಾದ ಕುಂಬ್ಳೆ ಮೆಕ್ಯಾನಿಕಲ್, ಶ್ರೀನಾಥ್ ಇನ್‌ಸ್ಟ್ರುಮೆಂಟೇಷನ್ ಓದಿದವರು. ಅವರು ಚೆಂಡು ಹಿಡಿದಾಗ ಸೀಟಿನ ಲೆಕ್ಕ ಯಾರೂ ಕೇಳಲಿಲ್ಲ. ತಕರಾರು ಇರುವುದು ಹುಡುಗಿಯ ಮೇಲೆ, ಸುಮ್ಮನೆ ಸೀಟಿನ ಹೆಸರು ಹೇಳುತ್ತೇವೆ ಅಷ್ಟೇ. ಮಾಡೆಲಿಂಗ್‌ಗೆ ಆಯುಷ್ಯ ಕಡಿಮೆ ಎನ್ನುವವರ ಮಾತು ನಿಜ. ಡಿಗ್ರಿ ಕೈಯಲ್ಲಿರಬೇಕು ಅನ್ನುವುದೂ ಅದಕ್ಕೇ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲೇ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅಲ್ಲಿ ಫಿಜಿಕ್ಸ್ ಓದುವ ನಿಮ್ಮ ಮಗಳು ನಾಳೆ ರ‍್ಯಾಂಪ್ ಮೇಲೆ ನಡೀತೀನಿ ಅಂದರೆ ಏನಂತೀರಿ? ಖರೇ ಹೇಳ್ರಿ.