ಸೆರೆಮನೆಗಳ ಊರಿಗೆ ಬಂದ ವಕೀಲ

ಫ್ಲಾರೆನ್ಸ್ ಎಂದೊಡನೆ ಇಟಲಿಯ ಚಿತ್ರಶಾಲೆಗಳು ನೆನಪಾಗುವುದು ಸಹಜ. ಇದು ಆ ಫ್ಲಾರೆನ್ಸ್ ಅಲ್ಲ. ಅಮೆರಿಕದ ಅರಿಜೋನಾ ರಾಜ್ಯದ ಮರುಭೂಮಿಯಲ್ಲಿ, ಫೀನಿಕ್ಸ್ ಮತ್ತು ಟೂಸಾನ್ ನಗರಗಳ ನಡುವೆ, ಹೀಲಾ ನದಿಯ ಮಗ್ಗುಲಲ್ಲಿ 1866ರಲ್ಲಿ ಹುಟ್ಟಿದ ಊರು. ನದಿ ಎಂದು ಹೆಸರೇನೋ ಇದೆ. ವರ್ಷದ ಬಹುಕಾಲ ಅಲ್ಲಿ ಕಾಣುವುದು ಮರಳೇ.

ಟೂಸಾನ್ ಕಡೆಯಿಂದ 79ನೇ ಹೆದ್ದಾರಿ ಹಿಡಿದು ಬಂದರೆ ದಾರಿಯುದ್ದಕ್ಕೂ ಸಾಗ್ವಾರೊ ಕಳ್ಳಿಗಳು. ಎರಡು ಮೂರು ಆಳೆತ್ತರ ಬೆಳೆದು, ಪೊಲೀಸರ ಮುಂದೆ ಕೈ ಮೇಲೆತ್ತಿದವರಂತೆ ನಿಂತಿರುತ್ತವೆ. ನಡುವೆ ಒಂದೆಡೆ ಸವಾರನಿಲ್ಲದ ಕುದುರೆಯ ಸ್ಮಾರಕ. ಮೂಕಿ ಚಿತ್ರಗಳ ಕೌಬಾಯ್ ನಾಯಕ ಟಾಮ್ ಮಿಕ್ಸ್ 1940ರಲ್ಲಿ ಕಾರು ಅಪಘಾತದಲ್ಲಿ ಸತ್ತದ್ದು ಇಲ್ಲೇ. ಊರೊಳಗೆ ಹಸಿ ಇಟ್ಟಿಗೆಯ ಹಳೆಯ ಮನೆಗಳು, ಸಿನಿಮಾಕ್ಕೆ ಹೇಳಿ ಮಾಡಿಸಿದಂಥ ಮುಖ್ಯ ಬೀದಿ. 1985ರ ‘ಮರ್ಫೀಸ್ ರೊಮಾನ್ಸ್’ ಚಿತ್ರದ ಚಿತ್ರೀಕರಣ ನಡೆದದ್ದೂ ಈ ಊರಿನಲ್ಲೇ.

ಊರಿನ ಹೆಮ್ಮೆ ಎಂದರೆ 1891ರ ನ್ಯಾಯಾಲಯ ಕಟ್ಟಡ. ಗೋಪುರದಲ್ಲಿ ದೊಡ್ಡ ಗಡಿಯಾರವಿದೆ, ಆದರೆ ಮುಳ್ಳುಗಳು ಅಲುಗಾಡುವುದಿಲ್ಲ. ಕಟ್ಟುವಾಗ ಹಣ ಸಾಲದೆ ಬರೀ ಗಡಿಯಾರದ ಮುಖವನ್ನಷ್ಟೇ ಕೂರಿಸಿ ಕೈತೊಳೆದುಕೊಂಡರಂತೆ. ಹೊಸಬರು ಅದನ್ನು ನೋಡಿ ಕೈಗಡಿಯಾರ ಸರಿಮಾಡಿಕೊಂಡರೆ ಊರವರು ನಗುತ್ತಿದ್ದಿರಬೇಕು.

ಇಷ್ಟಾದರೂ ಫ್ಲಾರೆನ್ಸ್ ಹೆಸರಾಗಿರುವುದು ಸೆರೆಮನೆಗಳಿಗೆ. ಅರಿಜೋನಾದ ರಾಜ್ಯ ಸೆರೆಮನೆ ಯೂಮಾದಿಂದ ಇಲ್ಲಿಗೆ ಬಂದದ್ದು 1908ರ ಸುಮಾರಿಗೆ. ಗೋಡೆ ಕಟ್ಟಿದವರು ಕೈದಿಗಳೇ. ಎರಡನೇ ಮಹಾಯುದ್ಧದಲ್ಲಿ ಇಟಲಿ, ಜರ್ಮನಿಗಳ ಯುದ್ಧಕೈದಿಗಳ ಶಿಬಿರ ಬಂತು. ಅವರು ಸುತ್ತಲಿನ ಹೊಲಗಳಲ್ಲಿ ಹತ್ತಿ ಬಿಡಿಸಿದರು. ಯುದ್ಧ ಮುಗಿಯಿತು, ಶಿಬಿರ ಖಾಲಿಯಾಯಿತು, ಜಾಗ ಮಾತ್ರ ಖಾಲಿ ಉಳಿಯಲಿಲ್ಲ. ಮುಂದೆ ಅಲ್ಲೇ ವಲಸಿಗರ ಬಂಧನ ಕೇಂದ್ರ ಎದ್ದಿತು. ಹಳೆಯ ರಾಜ್ಯ ಸೆರೆಮನೆ 2022ರಲ್ಲಿ ಮುಚ್ಚಿದರೂ ಊರಿನ ಸುತ್ತ ಮುಳ್ಳುತಂತಿಗೇನೂ ಕೊರತೆಯಿಲ್ಲ.

ಆ ಹಳೆಯ ಸೆರೆಮನೆಯಲ್ಲಿದ್ದ ಕೈದಿಗಳಲ್ಲಿ ಅರ್ನೆಸ್ಟೊ ಮಿರಾಂಡಾ ಒಬ್ಬ. ಇಂಗ್ಲಿಷ್ ಸಿನಿಮಾ ನೋಡುವ ಮಕ್ಕಳಿಗೆ ಒಂದು ಮಾತು ಬಾಯಿಪಾಠವಾಗಿರುತ್ತದೆ. ಕೈಕೋಳ ತೊಡಿಸುತ್ತಲೇ ಪೊಲೀಸನು ‘ನಿನಗೆ ಸುಮ್ಮನಿರುವ ಹಕ್ಕಿದೆ, ವಕೀಲರನ್ನು ಪಡೆಯುವ ಹಕ್ಕಿದೆ, ಹಣವಿಲ್ಲದಿದ್ದರೆ ನಾವೇ ಒದಗಿಸುತ್ತೇವೆ’ ಎನ್ನುತ್ತಾನೆ. ಈ ಮಾತು ಬಂದದ್ದು 1966ರಲ್ಲಿ ಸುಪ್ರೀಂ ಕೋರ್ಟು ಮಿರಾಂಡಾನ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪಿನಿಂದ. ಆತ ಒಳ್ಳೆಯ ಮನುಷ್ಯನೇನಲ್ಲ. ಮರುವಿಚಾರಣೆಯಲ್ಲೂ ಅಪರಾಧಿಯೆಂದೇ ತೀರ್ಮಾನವಾಯಿತು. ಆದರೂ ಫೀನಿಕ್ಸಿನ ಲೂಯಿಸ್ ಅಂಡ್ ರೋಕಾ ಎಂಬ ವಕೀಲರ ಸಂಸ್ಥೆ ಅವನ ಪರವಾಗಿ ನಿಂತು ವಾದಿಸಿತ್ತು.

ಅದೇ ಊರಿನ ಇನ್ನೊಂದು ಬೇಲಿಯ ಹಿಂದೆ ಈ ಮಾತು ನಡೆಯುವುದಿಲ್ಲ. ಗಡೀಪಾರು ಎಂಬುದು ಅಪರಾಧಕ್ಕೆ ಕೊಡುವ ಶಿಕ್ಷೆಯಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟು 1893ರಲ್ಲೇ, ಚೀನೀ ಕೂಲಿಕಾರರ ಮೊಕದ್ದಮೆಯಲ್ಲಿ ಹೇಳಿಬಿಟ್ಟಿತು. ಶಿಕ್ಷೆಯಲ್ಲವಾದ್ದರಿಂದ ಸರ್ಕಾರಿ ಖರ್ಚಿನ ವಕೀಲರೂ ಇಲ್ಲ. ವಕೀಲರನ್ನು ಇಟ್ಟುಕೊಳ್ಳಬಹುದು, ಹಣ ನಿಮ್ಮದೇ. ಕಳ್ಳತನದ ಆರೋಪಿಗೆ ಸಿಗುವ ನೆರವು, ಊರಿಗೆ ಮರಳಿದರೆ ಕೊಲ್ಲುತ್ತಾರೆಂದು ಹೆದರಿ ಓಡಿಬಂದವನಿಗೆ ಸಿಗದು. ಎದುರು ಬದಿಯಲ್ಲಿ ಮಾತ್ರ ಸರ್ಕಾರದ ವಕೀಲರು ತಪ್ಪದೆ ಕುಳಿತಿರುತ್ತಾರೆ.

ಇದನ್ನು ದಿನವೂ ನೋಡಿ ಬೇಸತ್ತವರಲ್ಲಿ ವಲಸೆ ನ್ಯಾಯಾಧೀಶ ಜಾನ್ ಮೆಕ್‌ಕ್ಯಾರಿಕ್ ಒಬ್ಬರು. ಯಾರಾದರೂ ಬಂದು ಇವರಿಗೆ ನೆರವಾಗಿ ಎಂದು ಅವರು ಅರಿಜೋನಾದ ವಕೀಲರಿಗೆ ಕರೆಕೊಟ್ಟರು. ನ್ಯಾಯಾಧೀಶರೇ ವಕೀಲರಿಗಾಗಿ ಹೀಗೆ ಮೊರೆಯಿಡುವುದು ಅಪರೂಪ. 1989ರಲ್ಲಿ ಆ ಕರೆಗೆ ಓಗೊಟ್ಟು ಬಂದ ಕ್ರಿಸ್ ಬ್ರೆಲ್ಜೆ ಎಂಬ ವಕೀಲ, ಮಿರಾಂಡಾನ ಪರ ವಾದಿಸಿದ್ದ ಅದೇ ಲೂಯಿಸ್ ಅಂಡ್ ರೋಕಾದವರು. ‘ಫ್ಲಾರೆನ್ಸ್ ಪ್ರಾಜೆಕ್ಟ್’ ಎಂಬ ಸಂಸ್ಥೆ ಹುಟ್ಟಿದ್ದು ಹೀಗೆ. ಈಗ ಅದಕ್ಕೆ ಫೀನಿಕ್ಸ್, ಟೂಸಾನ್‌ಗಳಲ್ಲೂ ಕಚೇರಿಗಳಿವೆ.

ಇಂಥ ಸಂಸ್ಥೆಯ ಮುಖ್ಯಸ್ಥರಾದವರ ಮೊದಲ ಕೆಲಸ ವಾದ ಮಾಡುವುದಲ್ಲ, ಆರಿಸುವುದು. ಒಳಗಿರುವವರು ಹೆಚ್ಚು, ವಕೀಲರು ಬೆರಳೆಣಿಕೆ. ಗೆಲ್ಲುವ ಮೊಕದ್ದಮೆ ಹಿಡಿಯಬೇಕೋ, ತೀರಾ ದಿಕ್ಕಿಲ್ಲದವರದು ಹಿಡಿಯಬೇಕೋ? ಉಳಿದವರಿಗೆ ಇಲ್ಲವೆಂದು ಹೇಳುವುದು ಹೇಗೆ? ಫ್ಲಾರೆನ್ಸಿನವರು ಕಂಡುಕೊಂಡ ದಾರಿ ಮೇಷ್ಟ್ರ ದಾರಿ. ಮೊದಲ ವಿಚಾರಣೆಗೆ ಮುನ್ನವೇ ಬಂಧಿತರನ್ನು ಒಟ್ಟಿಗೆ ಕೂರಿಸಿ ಪಾಠ ಹೇಳುತ್ತಾರೆ. ನ್ಯಾಯಾಧೀಶರು ಏನು ಕೇಳುತ್ತಾರೆ, ಆಶ್ರಯ ಬೇಡುವುದು ಹೇಗೆ, ಜಾಮೀನು ಯಾರಿಗೆ ಸಿಕ್ಕೀತು, ಯಾರಿಗೆ ಯಾವ ಆಸೆಯೂ ಇಲ್ಲ, ಎಲ್ಲವನ್ನೂ. ಆಮೇಲೆ ಒಬ್ಬೊಬ್ಬರನ್ನೇ ಮಾತನಾಡಿಸುತ್ತಾರೆ. ಕೆಲವರಿಗೆ ವಕೀಲರು ಸಿಗುತ್ತಾರೆ, ಹೆಚ್ಚಿನವರು ಕಲಿತ ಪಾಠವನ್ನೇ ನೆಚ್ಚಿಕೊಂಡು ತಮ್ಮ ವಾದ ತಾವೇ ಮಾಡಬೇಕು. ಅದೂ ಇಂಗ್ಲಿಷ್ ಬಾರದವರು. ಸ್ಪಾನಿಷ್ ಒಂದೇ ಸಾಲದು. ಗ್ವಾಟೆಮಾಲಾದ ಬುಡಕಟ್ಟು ಭಾಷೆ ಮಾಮ್ ಆಡುವವರೂ ಇದ್ದಾರೆ, ಪಂಜಾಬಿ ಆಡುವವರೂ ಇದ್ದಾರೆ.

ವಿಚಿತ್ರವೆಂದರೆ ಅಮೆರಿಕದ ಪ್ರಜೆಗಳೇ ಕೆಲವೊಮ್ಮೆ ಈ ಬೇಲಿಯೊಳಗೆ ಸಿಕ್ಕಿಬೀಳುತ್ತಾರೆ. ಸಂಸ್ಥೆಯ ವಕೀಲೆ ಕಾರಾ ಹಾರ್ಟ್ಸ್‌ಲರ್ 2008ರಲ್ಲಿ ಅಲ್ಲಿನ ಸಂಸತ್ತಿನ ಉಪಸಮಿತಿಯ ಮುಂದೆ ಈ ವಿಷಯವನ್ನೇ ಬಿಡಿಸಿ ಹೇಳಿದರು. ಒಳಗೆ ಕುಳಿತವನು ತನ್ನ ಜನನ ಪತ್ರವನ್ನು ಎಲ್ಲಿಂದ ತರಿಸಬೇಕು?

ಮಕ್ಕಳ ಕತೆ ಬೇರೆಯೇ. ಒಂಟಿಯಾಗಿ ಗಡಿ ದಾಟಿದ ಮಕ್ಕಳನ್ನು ಫೀನಿಕ್ಸ್, ಟೂಸಾನ್ ಸುತ್ತಲಿನ ವಸತಿಗಳಲ್ಲಿ ಇಡುತ್ತಾರೆ. ನ್ಯಾಯಾಲಯದಲ್ಲಿ ಅವರೂ ಪ್ರತಿವಾದಿಗಳೇ. 2018ರ ಜುಲೈನಲ್ಲಿ ಫೀನಿಕ್ಸಿನ ವಲಸೆ ನ್ಯಾಯಾಲಯದ ಮುಂದೆ ಒಂದು ವರ್ಷದ ಹೊಂಡುರಾಸ್ ಮಗು ಬಂತು. ಅಧಿಕಾರಿಗಳು ಅದನ್ನು ತಂದೆಯಿಂದ ಬೇರ್ಪಡಿಸಿದ್ದರು. ಮಗು ಬಾಟಲಿಯ ಹಾಲು ಕುಡಿಯುತ್ತ, ಬಣ್ಣದ ಚೆಂಡಿನ ಜೊತೆ ಆಡುತ್ತ, ನಡುನಡುವೆ ನೀರು ಕೇಳುತ್ತ ಕುಳಿತಿತ್ತು. ನಡಾವಳಿ ಅರ್ಥವಾಯಿತೇ ಎಂದು ಕೇಳುವುದು ನಿಯಮ. ಇದನ್ನು ಕೇಳಲು ನಾಚಿಕೆಯಾಗುತ್ತದೆ ಎಂದು ನ್ಯಾಯಾಧೀಶರು ಮಗುವಿನ ವಕೀಲರಿಗೆ ಹೇಳಿದರು. ಆದರೂ ಕೇಳಬೇಕಾಯಿತು. ಆ ಮಗುವಿಗೆ ವಕೀಲರಾದರೂ ಇದ್ದರು.

ಹಣದ ಮಾತು ಬಿಟ್ಟರೆ ಈ ಕತೆ ಪೂರ್ತಿಯಾಗದು. ಫ್ಲಾರೆನ್ಸಿನ ಪಾಠದ ಪದ್ಧತಿ ನ್ಯಾಯ ಇಲಾಖೆಗೂ ಹಿಡಿಸಿತು. ವಿಚಾರಣೆ ಬೇಗ ಮುಗಿಯುತ್ತದೆಂಬುದು ಅವರ ಲೆಕ್ಕಾಚಾರ. 2003ರಲ್ಲಿ ದೇಶದ ಬೇರೆ ಬಂಧನ ಕೇಂದ್ರಗಳಲ್ಲೂ ಸರ್ಕಾರಿ ಹಣದಿಂದಲೇ ಪಾಠಗಳು ಆರಂಭವಾದವು. ಪಾಠಕ್ಕೆ ಹಣ, ವಾದಕ್ಕಿಲ್ಲ. ವಾದಕ್ಕೆ ಬೇಕಾದ್ದನ್ನು ಮುಖ್ಯಸ್ಥರು ದಾನಿಗಳ ಬಾಗಿಲು ತಟ್ಟಿ ತರಬೇಕು. ಸರ್ಕಾರದ ಹಣದಲ್ಲಿ ಸರ್ಕಾರದ ಎದುರಾಳಿಗೆ ನೆರವಾಗುವ ಈ ಏರ್ಪಾಡು ಎಷ್ಟು ದಿನ ಬಾಳೀತೆಂಬ ಅಳುಕು ಮೊದಲಿಂದಲೂ ಇದ್ದಿರಲೇಬೇಕು.

2025ರಲ್ಲಿ ಅದು ನಿಜವಾಯಿತು. ಪಾಠಗಳ ಹಣ ನಿಂತಿತು. ಮಾರ್ಚ್ ತಿಂಗಳಲ್ಲಿ ಒಂಟಿ ಮಕ್ಕಳ ವಕೀಲರಿಗೆ ಬರುತ್ತಿದ್ದ ಹಣವನ್ನೂ ಸರ್ಕಾರ ನಿಲ್ಲಿಸಿತು. ದೇಶದಾದ್ಯಂತ ಸುಮಾರು 26,000 ಮಕ್ಕಳು ಆ ಹಣವನ್ನು ನಂಬಿದ್ದರು. ಅಂಥ ಮಕ್ಕಳಿಗೆ ಆದಷ್ಟು ಮಟ್ಟಿಗೆ ವಕೀಲರು ಸಿಗುವಂತೆ ನೋಡಿಕೊಳ್ಳಬೇಕೆಂದು 2008ರ ಕಾಯಿದೆ ಹೇಳುತ್ತದೆ. ಅದನ್ನೇ ಹಿಡಿದು ಫ್ಲಾರೆನ್ಸ್ ಪ್ರಾಜೆಕ್ಟ್ ಮತ್ತಿತರ ಸಂಸ್ಥೆಗಳು ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯದ ಮೆಟ್ಟಿಲೇರಿದವು. ಏಪ್ರಿಲ್ ಒಂದರಂದು ನ್ಯಾಯಾಧೀಶರು ಸರ್ಕಾರದ ಆದೇಶಕ್ಕೆ ತಾತ್ಕಾಲಿಕ ತಡೆ ಕೊಟ್ಟರು. ಮೂವತ್ತಾರು ವರ್ಷ ಇತರರ ಮೊಕದ್ದಮೆ ನೋಡಿಕೊಂಡವರು ಈ ಸಲ ತಾವೇ ಕಕ್ಷಿದಾರರಾಗಿ, ತಮ್ಮ ಪರ ವಾದಿಸಲು ಬೇರೆ ವಕೀಲರನ್ನು ಇಟ್ಟುಕೊಂಡಿದ್ದರು.