ಕೆಂಪು ತ್ರಿಕೋನ ಹೇಳುವುದೇನು?

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಹೊತ್ತಿಕೊಳ್ಳುವ ದೀಪಕ್ಕೂ ಮೈಗೆ ಬರುವ ಜ್ವರಕ್ಕೂ ಹೋಲಿಕೆಯಿದೆ. ಒಳಗೆ ಏನೋ ಸರಿಯಿಲ್ಲ ಎನ್ನುವುದಷ್ಟೇ ಗೊತ್ತಾಗುತ್ತದೆ. ನೆಗಡಿಯೋ ಟೈಫಾಯಿಡೋ ಎಂದು ಥರ್ಮಾಮೀಟರ್ ಹೇಳುವುದಿಲ್ಲ. ಹೈಬ್ರಿಡ್ ಕಾರಿನಲ್ಲಿ ಈ ಗೊಂದಲ ಇನ್ನೂ ಹೆಚ್ಚು. ಅದರಲ್ಲಿ ಪೆಟ್ರೋಲ್ ಎಂಜಿನ್ನೂ ಇದೆ, ವಿದ್ಯುತ್ ಮೋಟಾರೂ ಇದೆ. ಬಹುತೇಕ ಎಲ್ಲ ಕಾರುಗಳಲ್ಲೂ ಇರುವ 12 ವೋಲ್ಟಿನ ಪುಟ್ಟ ಬ್ಯಾಟರಿಯ ಜೊತೆಗೆ, ಮೋಟಾರು ಓಡಿಸಲು ಅಧಿಕ ವೋಲ್ಟೇಜಿನ ದೊಡ್ಡ ಬ್ಯಾಟರಿ ಬೇರೆ. ಇಷ್ಟೂ ಮಂದಿಯ ಪರವಾಗಿ ಒಂದೇ ಒಂದು ಕೆಂಪು ತ್ರಿಕೋನ ಉರಿಯುತ್ತದೆ.

ನಾವಿರುವುದು ಅಮೆರಿಕದ ಅರಿಝೋನಾ ರಾಜ್ಯದ ಫೀನಿಕ್ಸಿನಲ್ಲಿ. ಬೇಸಿಗೆಯಲ್ಲಿ ಇಲ್ಲಿ 43 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲಿ. ಅಂಥ ಒಂದು ಜುಲೈ ಸಂಜೆ ನಮ್ಮ ಹನ್ನೆರಡು ವರ್ಷದ ಹೈಬ್ರಿಡ್ ಕಾರಿನಲ್ಲಿ ಆ ತ್ರಿಕೋನ ಹೊತ್ತಿಕೊಂಡಿತು. ಗ್ಯಾರೇಜಿಗೆ ಫೋನ್ ಮಾಡಿದರೆ, ಕಾರು ನೋಡದೆಯೇ, "ದೊಡ್ಡ ಬ್ಯಾಟರಿ ಹೋಗಿರುತ್ತದೆ, ಪೂರ್ತಿ ಬದಲಾಯಿಸಬೇಕು" ಎಂದರು. ಹೇಳಿದ ಮೊತ್ತ ಕಾರು ಮಾರಿದರೆ ಬರುವ ಹಣದ ಅರ್ಧದಷ್ಟಿತ್ತು. ನನ್ನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ನಸುಕಿನಲ್ಲೇ ಹೈವೇ ಹಿಡಿದು ಹೋಗಬೇಕು. ಆ ಹೊತ್ತಿಗೆ ನಮ್ಮ ಕಡೆ ಬಸ್ಸಿಲ್ಲ. "ರೀ, ನಾಳೆ ಇದರಲ್ಲಿ ಹೋಗಬಹುದಾ ಬೇಡವಾ? ಅಷ್ಟು ಹೇಳಿ ಸಾಕು" ಎಂದಳು.

ಮೊದಲು ನೋಡಿದ್ದು ಪುಟ್ಟ ಬ್ಯಾಟರಿಯನ್ನು. ಅದು ಸೊರಗಿದರೆ ಕಾರಿನ ಕಂಪ್ಯೂಟರ್‌ಗಳು ತಬ್ಬಿಬ್ಬಾಗಿ ಸಂಬಂಧವಿಲ್ಲದ ದೀಪಗಳನ್ನೆಲ್ಲ ಉರಿಸುತ್ತವೆ. ಮಲ್ಟಿಮೀಟರ್ 12.5 ವೋಲ್ಟ್ ತೋರಿಸಿತು. ಅದರದೇನೂ ತಕರಾರಿಲ್ಲ.

ಆಮೇಲೆ ಕೋಡ್. ಅಮೆರಿಕದಲ್ಲಿ 1996ರಿಂದ ಮಾರಾಟವಾಗುವ ಪೆಟ್ರೋಲ್ ಕಾರುಗಳಲ್ಲೆಲ್ಲ ಸ್ಟೀರಿಂಗ್ ಕೆಳಗೆ 16 ಪಿನ್ನಿನ ಒಂದು ಸಾಕೆಟ್ ಇರಲೇಬೇಕು. ಬೆಂಕಿಪೊಟ್ಟಣದಷ್ಟು ದೊಡ್ಡ ಬ್ಲೂಟೂತ್ ರೀಡರನ್ನು ಅದಕ್ಕೆ ಸಿಕ್ಕಿಸಿದರೆ ಕಾರಿನ ನೆನಪಿನಲ್ಲಿರುವ ದೂರು ಫೋನಿನ ಮೇಲೆ ಮೂಡುತ್ತದೆ. ನಮ್ಮದರಲ್ಲಿ ಮೂಡಿದ್ದು ಪಿ0ಎ80. ಈ ಕೋಡಿಗೆ ಇಟ್ಟಿರುವ ಹೆಸರೇ 'ಹೈಬ್ರಿಡ್ ಬ್ಯಾಟರಿ ಪ್ಯಾಕ್ ಬದಲಾಯಿಸಿ' ಎಂದು. ಸಾಕ್ಷಿಯೇ ತೀರ್ಪನ್ನೂ ಬರೆದುಕೊಟ್ಟ ಹಾಗೆ! ಆದರೆ ಕಂಪ್ಯೂಟರ್ ಕಂಡಿದ್ದು ಇಷ್ಟೇ: ಬ್ಯಾಟರಿಯ ಭಾಗಗಳ ನಡುವೆ ವೋಲ್ಟೇಜ್ ವ್ಯತ್ಯಾಸ ಮಿತಿ ಮೀರಿದೆ. ಏಕೆ ಮೀರಿತು ಎಂಬುದು ಅದಕ್ಕೆ ತಿಳಿಯದು. ಕೋಡನ್ನು ಅಳಿಸಿ ದೀಪ ಆರಿಸುವ ಗುಂಡಿಯೂ ಆ ಆ್ಯಪಿನಲ್ಲಿತ್ತು. ಅಳಿಸಿದರೆ ದೋಷ ಕಂಡ ಕ್ಷಣದ ವೇಗ, ತಾಪಮಾನಗಳ ದಾಖಲೆಯೂ ಹೋಗುತ್ತದೆ. ಅದನ್ನು ಮುಟ್ಟದೆ ಎಲ್ಲವನ್ನೂ ಹಾಳೆಯಲ್ಲಿ ಬರೆದುಕೊಂಡೆ.

ಮೂರನೆಯದು ಗಾಳಿ. ದೊಡ್ಡ ಬ್ಯಾಟರಿ ಹಿಂದಿನ ಸೀಟಿನ ಹಿಂದಿದೆ. ಅದನ್ನು ತಣ್ಣಗಿಡಲು ಪುಟ್ಟ ಫ್ಯಾನೊಂದು ಕಾರಿನೊಳಗಿನ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಸೀಟಿನ ಪಕ್ಕದ ಜಾಲರಿ ಬಿಚ್ಚಿದರೆ ಒಳಗೆ ದೂಳು, ಬಟ್ಟೆಯ ಎಳೆ, ಕೂದಲು ಸೇರಿ ಕಂಬಳಿಯಂತೆ ಕೂತಿತ್ತು. ಎಲ್ಲ ತೆಗೆದೆ. ಇದರಿಂದಲೇ ವಾಸಿಯಾಗಬಹುದೆಂಬ ಆಸೆ ಇಬ್ಬರಿಗೂ ಇತ್ತು.

ಮನೆಯ ಸುತ್ತಲಿನ ಬೀದಿಗಳಲ್ಲೇ ಅವಳು ಕಾರು ಓಡಿಸಿದಳು, ನಾನು ಪಕ್ಕದಲ್ಲಿ ಕೂತು ಅಂಕಿಗಳನ್ನು ನೋಡಿದೆ. ನಮ್ಮ ಕಾರಿನ ಬ್ಯಾಟರಿಯಲ್ಲಿ 28 ಮಾಡ್ಯೂಲ್‌ಗಳು. ಎರಡೆರಡು ಸೇರಿ 14 ಬ್ಲಾಕ್‌ಗಳು. ವೇಗ ಹೆಚ್ಚಿಸಿದಾಗ ಹದಿಮೂರು ಬ್ಲಾಕ್‌ಗಳು ಜೊತೆಜೊತೆಯಾಗಿ ಇಳಿದರೆ, ಏಳನೆಯದು ಮಾತ್ರ ಒಂದು ವೋಲ್ಟಿಗೂ ಹೆಚ್ಚು ಕೆಳಗೆ ಕುಸಿಯುತ್ತಿತ್ತು. ಬ್ರೇಕ್ ಒತ್ತಿ ಚಾರ್ಜ್ ಆಗುವಾಗ ಅದೇ ಎಲ್ಲರಿಗಿಂತ ಮೇಲೆ ಜಿಗಿಯುತ್ತಿತ್ತು. ಒಳರೋಧ ಹೆಚ್ಚಾದ, ಅಂದರೆ ಮುಪ್ಪಾದ ಸೆಲ್ಲಿನ ಲಕ್ಷಣವದು. ಸಾಲಿನ ನಡುವಿನವಕ್ಕೆ ಕಾವು ಹೆಚ್ಚು. ಸಾಯುವುದೂ ಅವೇ ಮೊದಲು.

"ನಾಳೆ ಬೇಡ" ಎಂದೆ. ಸಹೋದ್ಯೋಗಿಗೆ ಫೋನ್ ಮಾಡಿ ಅವರ ಕಾರಿನಲ್ಲಿ ಹೋಗುವ ಏರ್ಪಾಟು ಮಾಡಿಕೊಂಡಳು.

ಕಿತ್ತಳೆ ಬಣ್ಣದ ಕೇಬಲ್‌ಗಳು ಶುರುವಾಗುವಲ್ಲಿ ನನ್ನ ಕೆಲಸ ನಿಂತಿತು. ಆ ಬಣ್ಣವೇ ಅಧಿಕ ವೋಲ್ಟೇಜಿನ ಗುರುತು. ಸರ್ವಿಸ್ ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಉಳಿದ ವಿದ್ಯುತ್ತು ಇಳಿಯಲು ಹತ್ತು ನಿಮಿಷ ಕಾಯಬೇಕು, ಕೈಗೆ ಅದಕ್ಕೆಂದೇ ಮಾಡಿದ ರಬ್ಬರ್ ಗ್ಲೌಸ್ ಬೇಕು. ಕೆಟ್ಟ ಮಾಡ್ಯೂಲ್ ಒಂದನ್ನೇ ಬದಲಾಯಿಸುವವರೂ ಇದ್ದಾರೆ. ಆದರೆ ಉಳಿದವೂ ಅದೇ ವಯಸ್ಸಿನವು, ಅದೇ ಬಿಸಿಲು ಕಂಡವು. ಒಂದನ್ನು ಸರಿಪಡಿಸುವಷ್ಟರಲ್ಲಿ ಇನ್ನೊಂದರ ಸರದಿ ಬರುತ್ತದೆ.

ಹಾಳೆ ಹಿಡಿದುಕೊಂಡು ಅದೇ ಗ್ಯಾರೇಜಿಗೆ ಹೋದೆ. ಅವರು ಓದಿ, ತಮ್ಮ ಯಂತ್ರದಲ್ಲೂ ಏಳನೆಯ ಬ್ಲಾಕನ್ನು ನೋಡಿ, ಈ ಸಲ ನಿಧಾನವಾಗಿ ಮಾತಾಡಿದರು. ಎಂಜಿನ್ ಇನ್ನೂ ಎಷ್ಟು ವರ್ಷ ಬಂದೀತು, ಹೊಸ ಪ್ಯಾಕಿಗೆ ಎಷ್ಟು ವರ್ಷದ ವಾರಂಟಿ, ಎಲ್ಲವನ್ನೂ ಲೆಕ್ಕ ಹಾಕಿ ಪೂರ್ತಿ ಬ್ಯಾಟರಿಯನ್ನೇ ಹಾಕಿಸಿದೆವು. ಫೋನಿನಲ್ಲಿ ಹೇಳಿದ್ದೇ ನಿಜವಾಯಿತು. ಒಂದು ಡಾಲರೂ ಉಳಿಯಲಿಲ್ಲ. ಆದರೆ ಏಕೆ ಕೊಡುತ್ತಿದ್ದೇವೆಂದು ತಿಳಿದು ಕೊಟ್ಟ ಹಣ ಅದು. ಊಹೆಯ ಮೇಲೆ ಅಷ್ಟು ದುಡ್ಡು ಕೊಟ್ಟಿದ್ದರೆ ಆ ಕಾರಿನಲ್ಲಿ ಕೂತಾಗಲೆಲ್ಲ ಅನುಮಾನವೂ ಜೊತೆಗೆ ಕೂರುತ್ತಿತ್ತು.

ಈಗ ಆಯುಧಪೂಜೆಗೆ ಕಾರು ತೊಳೆದು, ಕುಂಕುಮ ಇಟ್ಟು, ಚಕ್ರಕ್ಕೆ ನಿಂಬೆಹಣ್ಣು ಇಡುವ ಮೊದಲು ಹಿಂದಿನ ಸೀಟಿನ ಪಕ್ಕದ ಜಾಲರಿಯನ್ನೂ ಬಿಚ್ಚಿ ದೂಳು ತೆಗೆಯುತ್ತೇವೆ.